ಕೂತರೆ ಮರೆ, ನಿಂತರೆ ಬಯಲು: ಜನರಿಗೆ ಆಸರೆಯಾಗುವ ಸಾರ್ವಜನಿಕ ಶಿಲ್ಪ ಕಟ್ಟುವುದು ಹೇಗೆ

ಉದ್ಯಾನದಲ್ಲೋ ಆಸ್ಪತ್ರೆಯ ಆವರಣದಲ್ಲೋ ಕೆರೆ ಏರಿಯ ಪಕ್ಕದಲ್ಲೋ ಜನ ಅರ್ಧ ಗಂಟೆ ಗದ್ದಲ ಮರೆತು ಕೂರಲಿ ಎಂದು ಕಟ್ಟಿದ ಶಿಲ್ಪಗಳು ಹೆಚ್ಚಾಗಿ ಎರಡು ಬಗೆಯಲ್ಲಿ ಕೆಡುತ್ತವೆ. ಕೆಲವು ಒಳಗೆ ಕತ್ತಲಾಗಿ, ಮೂಲೆ ನಾರತೊಡಗಿ, ಕೊನೆಗೆ ಗ್ರಿಲ್ಲು ಬೀಗ ಕಾಣುತ್ತವೆ. ಇನ್ನು ಕೆಲವು ನಾಲ್ಕೂ ಕಡೆಯಿಂದ ಬಟಾಬಯಲಾಗಿದ್ದು, ಫೋಟೊ ತೆಗೆಸಿಕೊಳ್ಳುವವರ ಹೊರತು ಯಾರೂ ಒಳಗೆ ಕಾಲಿಡುವುದಿಲ್ಲ. ಎರಡೂ ಕಡೆ ನಡೆದ ತಪ್ಪು ಒಂದೇ. ಹೊರಗೆ ನಿಂತು ನೋಡುವವರಿಗಾಗಿ ಮೊದಲು ರೂಪ ಮಾಡಿ, ಒಳಗೆ ಕೂರುವವರಿಗೆ ಉಳಿದ ಜಾಗ ಕೊಟ್ಟಿರುತ್ತಾರೆ.

ಈ ಕೆಲಸದ ಕ್ರಮ ತಿರುಗುಮುರುಗು. ಮೊದಲು ಕೂರುವ ಕಲ್ಲು, ಆಮೇಲೆ ಕೂತವರ ಕಣ್ಣು, ಬಾಗಿಲು, ಬಿಸಿಲು ಮಳೆ, ಎಲ್ಲಕ್ಕೂ ಕೊನೆಗೆ ಹೊರಗಿನ ಆಕಾರ. ಇಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಜಿಲ್ಲಾಕೇಂದ್ರದ ಉದ್ಯಾನವೊಂದರಲ್ಲಿ ಮೂವರು ಕೂರುವಂಥ, ಪಕ್ಕದಲ್ಲೊಂದು ಗಾಲಿಕುರ್ಚಿ ನಿಲ್ಲುವಂಥ ಕಲ್ಲಿನ ಶಿಲ್ಪ. ಒಳಅಳತೆ 2.7 ಮೀಟರ್ ಉದ್ದ, 2 ಮೀಟರ್ ಅಗಲ. ನಿಮ್ಮ ಜಾಗಕ್ಕೆ ಅಳತೆ ಬದಲಾಗಬಹುದು, ಕ್ರಮ ಬದಲಾಗಬಾರದು.

## ಮೊದಲು ಕೈಯಲ್ಲಿರಬೇಕಾದ್ದು

30 ಮೀಟರಿನ ಟೇಪು, ದಿಕ್ಸೂಚಿ, ಸುಣ್ಣದ ಪುಡಿ, ತೂಗುಗುಂಡು, ರಸಮಟ್ಟ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಹದಿನೈದಿಪ್ಪತ್ತು ಬಿದಿರು, ಹಳೆಯ ಫ್ಲೆಕ್ಸ್ ಅಥವಾ ಗೋಣಿ, ಹಗ್ಗ. ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಇದ್ದರೆ ಸಾಕು. ಅದು ಕರಾರುವಾಕ್ಕಾಗಿ ಹೇಳದಿದ್ದರೂ ಎರಡು ಜಾಗಗಳ ನಡುವಿನ ವ್ಯತ್ಯಾಸ ತೋರಿಸುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಮೊದಲ ದಿನವೇ ಜೊತೆಗೆ ಸೇರಿಸಿಕೊಳ್ಳಿ. ಚಿತ್ರ ಮುಗಿದ ಮೇಲೆ ಸಹಿಗೆಂದು ಅವರ ಹತ್ತಿರ ಹೋದರೆ ಅವರು ಕಂಬ ದಪ್ಪ ಮಾಡುತ್ತಾರೆ, ಚಿತ್ರ ಕೆಡುತ್ತದೆ.

## ಹಂತ 1: ಜಾಗವನ್ನು ಕೂತು ನೋಡುವುದು

ಬೆಳಿಗ್ಗೆ 7, ಮಧ್ಯಾಹ್ನ 1, ಸಂಜೆ 6, ರಾತ್ರಿ 8. ಈ ನಾಲ್ಕು ಹೊತ್ತು, ಒಂದು ಕೆಲಸದ ದಿನ ಮತ್ತು ಒಂದು ಭಾನುವಾರ, ತಲಾ ಒಂದು ಗಂಟೆ ಅಲ್ಲೇ ಕೂತು ನೋಡಿ. ಬರೆದುಕೊಳ್ಳಬೇಕಾದ್ದು ಮೂರು: ಜನ ಈಗಾಗಲೇ ಎಲ್ಲಿ ಕೂರುತ್ತಾರೆ, ಯಾವ ಕಡೆಗೆ ಬೆನ್ನು ಮಾಡಿ ಕೂರುತ್ತಾರೆ, ಹುಲ್ಲಿನ ಮೇಲೆ ಕಾಲುದಾರಿ ಎಲ್ಲಿ ಬಿದ್ದಿದೆ.

ಆ ಕಾಲುದಾರಿಯನ್ನು ಎಂದೂ ಅಡ್ಡಗಟ್ಟಬೇಡಿ. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 1981ರಲ್ಲಿ ನಿಲ್ಲಿಸಿದ ಶಿಲ್ಪಿ ರಿಚರ್ಡ್ ಸೆರಾ ಅವರ 120 ಅಡಿ ಉದ್ದದ ಉಕ್ಕಿನ ಗೋಡೆ ಜನ ಓಡಾಡುವ ಅಂಗಳವನ್ನೇ ಸೀಳಿತ್ತು. ವರ್ಷಗಟ್ಟಲೆ ಜಗಳ ನಡೆದು 1989ರಲ್ಲಿ ಅದನ್ನು ಕಳಚಿಬಿಟ್ಟರು. ದಾರಿ ತಪ್ಪಿಸಿದ ಶಿಲ್ಪದ ಮೇಲೆ ಜನರಿಗೆ ಪ್ರೀತಿ ಹುಟ್ಟುವುದಿಲ್ಲ.

ನಡೆಯುವ ದಾರಿಯಿಂದ 8ರಿಂದ 15 ಮೀಟರ್ ದೂರ ಒಳ್ಳೆಯದು. ಅದಕ್ಕಿಂತ ಹತ್ತಿರವಾದರೆ ಕೂತವರಿಗೆ ನೆಮ್ಮದಿಯಿಲ್ಲ, ದೂರವಾದರೆ ಕೂಗಿದರೂ ಯಾರಿಗೂ ಕೇಳುವುದಿಲ್ಲ. ಬೆನ್ನು ಗದ್ದಲದ ಕಡೆಗೆ, ಮುಖ ಮರ, ನೀರು ಅಥವಾ ಖಾಲಿ ಹುಲ್ಲಿನ ಕಡೆಗೆ ಇರಲಿ. ನಮ್ಮ ಉದಾಹರಣೆಯಲ್ಲಿ ರಸ್ತೆ ಪಶ್ಚಿಮಕ್ಕಿದೆ, ಹಾಗಾಗಿ ಬೆನ್ನು ಪಶ್ಚಿಮಕ್ಕೆ, ಮುಖ ಪೂರ್ವಕ್ಕೆ. ಇಳಿಹೊತ್ತಿನ ಸುಡುಬಿಸಿಲೂ ನೈಋತ್ಯ ಮುಂಗಾರಿನ ಎರಚಲೂ ಬೆನ್ನಿನ ಗೋಡೆಗೇ ಬಡಿಯುತ್ತವೆ.

ಮರದ ಬುಡಕ್ಕೆ ತೀರಾ ಹತ್ತಿರ ಹೋಗಬೇಡಿ. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಗಲ ಅಳೆದು ಅದರ 12 ಪಟ್ಟು ದೂರ ಬಿಡುವುದು ಒಪ್ಪಿತ ಲೆಕ್ಕ. 50 ಸೆಂ.ಮೀ. ದಪ್ಪದ ಹೊಂಗೆಗೆ ಇದು 6 ಮೀಟರ್ ಆಯಿತು. ಅದರೊಳಗೆ ಅಗೆದು ಬೇರು ಕಡಿದರೆ ಮರ ಅಂದೇ ಸಾಯುವುದಿಲ್ಲ. ಎರಡು ಮೂರು ವರ್ಷಕ್ಕೆ ಒಂದು ಕಡೆ ಒಣಗಿ, ಗಾಳಿಗೆ ನಿಮ್ಮ ಶಿಲ್ಪದ ಮೇಲೇ ಬೀಳುತ್ತದೆ.

## ಹಂತ 2: ನೆಲ ಯಾರದು, ಅನುಮತಿ ಯಾರದು

ವೃತ್ತದ ನಡುವೆ, ರಸ್ತೆಯ ವಿಭಜಕದಲ್ಲಿ, ಪಾದಚಾರಿ ದಾರಿಯಲ್ಲಿ ಕಟ್ಟುವ ಯೋಚನೆ ಬಿಡಿ. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿ ಮುಂತಾದ ಕಡೆ ಪ್ರತಿಮೆಗಾಗಲಿ ಕಟ್ಟಡಕ್ಕಾಗಲಿ ಇನ್ನು ಮುಂದೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಆದೇಶಿಸಿದೆ. ಹೊಗೆ ಹಾರ್ನುಗಳ ನಡುವೆ ಆಸರೆ ಸಿಗುವುದೂ ಇಲ್ಲ.

ಉದ್ಯಾನವಾದರೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯನ್ನು ನೋಡಿ. ಲಾಲ್‌ಬಾಗ್, ಕಬ್ಬನ್ ಉದ್ಯಾನಗಳಿಗೆ 1975ರ ಬೇರೆ ಕಾಯ್ದೆಯೇ ಇದೆ. ಮರದ ಕೊಂಬೆ ಮುಟ್ಟುವುದಿದ್ದರೂ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಒಪ್ಪಿಗೆ ಕೇಳಿಕೊಳ್ಳಿ. ಹಂಪಿ, ಬಾದಾಮಿ, ವಿಜಯಪುರದಂಥ ಊರುಗಳಲ್ಲಿ ಕೇಂದ್ರ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು. ಎಲ್ಲ ಒಪ್ಪಿಗೆಯೂ ಬರವಣಿಗೆಯಲ್ಲಿರಲಿ. ಕಟ್ಟಿದ ಮೇಲೆ ಗುಡಿಸುವವರು, ವಿದ್ಯುತ್ ಬಿಲ್ಲು ಕಟ್ಟುವವರು, ಒಡೆದರೆ ಸರಿಮಾಡುವವರು ಯಾರೆಂಬುದೂ ಅದೇ ಪತ್ರದಲ್ಲಿರಬೇಕು.

## ಹಂತ 3: ಕೂತವರ ಕಣ್ಣು

ಇಡೀ ಕೆಲಸದ ಹೃದಯ ಇದು. ಆಸರೆಗೆ ಬಂದವರಿಗೆ ಮರೆ ಬೇಕು. ಆದರೆ ಮರೆ ಬೇರೆ, ಮುಚ್ಚುವುದು ಬೇರೆ. ಒಳಗೆ ಯಾರೋ ಇದ್ದಾರೆ ಎಂಬುದು ಹೊರಗಿನವರಿಗೆ ತಿಳಿಯಬೇಕು, ಅವರು ಯಾರು, ಅಳುತ್ತಿದ್ದಾರೋ ಇಲ್ಲವೋ ಎಂಬುದು ತಿಳಿಯಬಾರದು. ಅದಕ್ಕೆ ಸೂತ್ರ: ಕೂತರೆ ಮರೆ, ನಿಂತರೆ ಬಯಲು, ಬಿದ್ದರೂ ಬಯಲು.

ಅಳತೆಯಲ್ಲಿ ಹೇಳುವುದಾದರೆ, ಕೂರುವ ಕಲ್ಲು ನೆಲದಿಂದ 430 ಮಿ.ಮೀ. ಎತ್ತರ, 450 ಮಿ.ಮೀ. ಅಗಲ. ಅದರ ಮೇಲೆ ಕೂತ ವಯಸ್ಕರ ನೆತ್ತಿ ಸುಮಾರು 1300 ಮಿ.ಮೀ.ಗೆ ಬರುತ್ತದೆ. ಬೆನ್ನಿನ ಗೋಡೆಯ ಮೇಲಂಚು 1350ಕ್ಕೆ, ಅಂದರೆ ನಾಲ್ಕೂವರೆ ಅಡಿಗೆ ಸ್ವಲ್ಪ ಕಡಿಮೆಯಲ್ಲಿ ನಿಲ್ಲಲಿ. ಕೂತವರ ತಲೆ ಮುಚ್ಚುತ್ತದೆ, ಎದ್ದ ಕೂಡಲೇ ಮುಖ ಕಾಣುತ್ತದೆ. ಗೋಡೆಯ ಕೆಳಅಂಚು ನೆಲದಿಂದ 300 ಮಿ.ಮೀ. ಮೇಲಿರಲಿ. ಯಾರಾದರೂ ತಲೆಸುತ್ತಿ ಬಿದ್ದರೆ ಆ ಸಂದಿಯಿಂದ ಕಾಣುತ್ತಾರೆ, ಕಸಬರಿಗೆ ತೂರುತ್ತದೆ, ನೀರು ಹರಿದುಹೋಗುತ್ತದೆ. ಇದಕ್ಕಾಗಿ ಕೂರುವ ಕಲ್ಲಿನ ಕೆಳಗೂ ಖಾಲಿ ಇರಬೇಕು. ಎರಡು ಕಾಲಿನ ಮೇಲೆ ನಿಲ್ಲಿಸಿ, ಕಟ್ಟೆ ಕಟ್ಟಿ ತುಂಬಬೇಡಿ.

ಸಂದಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. 90ರಿಂದ 230 ಮಿ.ಮೀ.ವರೆಗಿನ ಯಾವ ಸಂದಿಯೂ ಇರಕೂಡದು. ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಳತೆ ಅದು. ಆಟದ ಸಲಕರಣೆಗಳಿಗಿರುವ ಈ ನಿಯಮವನ್ನು ಶಿಲ್ಪಕ್ಕೂ ಹಾಕಿ. ಮಕ್ಕಳು ಎರಡರ ನಡುವೆ ವ್ಯತ್ಯಾಸ ಮಾಡುವುದಿಲ್ಲ.

ಒಬ್ಬರಿಗೆ 600 ಮಿ.ಮೀ.ನಂತೆ ಮೂವರಿಗೆ 1.8 ಮೀಟರ್ ಉದ್ದದ ಕಲ್ಲು. ಇಷ್ಟುದ್ದ ಇದ್ದರೆ ಯಾರಾದರೂ ಮಲಗುತ್ತಾರೆ ಎಂದು ಅಧಿಕಾರಿಗಳು ನಡುವೆ ಕಬ್ಬಿಣದ ಅಡ್ಡಹಿಡಿಕೆ ಹಾಕಿಸಲು ಹೇಳುತ್ತಾರೆ. ಒಪ್ಪಬೇಡಿ. ಮುಂಜಾನೆ ನಾಲ್ಕಕ್ಕೆ ಎದ್ದ ಪೌರಕಾರ್ಮಿಕರು, ಮಧ್ಯಾಹ್ನದ ಬಿಸಿಲಲ್ಲಿ ಬೈಕು ನಿಲ್ಲಿಸಿದ ಡೆಲಿವರಿ ಹುಡುಗರು, ಆಸ್ಪತ್ರೆಯಲ್ಲಿ ರಾತ್ರಿಯಿಡೀ ಎಚ್ಚರವಿದ್ದ ನೆಂಟರು ಇಪ್ಪತ್ತು ನಿಮಿಷ ಒರಗಿದರೆ ಶಿಲ್ಪ ತನ್ನ ಕೆಲಸ ಮಾಡಿತೆಂದೇ ಅರ್ಥ. ಆದರೆ ಒಂದು ತುದಿಯಲ್ಲಿ, 650 ಮಿ.ಮೀ. ಎತ್ತರಕ್ಕೆ, ಹಿಡಿದು ಏಳಲು ಕಲ್ಲಿನ ಗುಬುಟು ಬೇಕೇ ಬೇಕು. ಮಂಡಿನೋವಿನ ಅಜ್ಜಿ ಒಮ್ಮೆ ಏಳಲಾಗದೆ ಒದ್ದಾಡಿದರೆ ಮತ್ತೆ ಬರುವುದಿಲ್ಲ.

## ಹಂತ 4: ಬಾಗಿಲು ಎರಡು, ಕದ ಒಂದೂ ಇಲ್ಲ

ಒಂದೇ ಬಾಗಿಲಿನ ಜಾಗಕ್ಕೆ ಹೆಂಗಸರು ಒಬ್ಬರೇ ಬರುವುದಿಲ್ಲ. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ದಾರಿಯೇ ಇಲ್ಲವಲ್ಲ ಎಂಬ ಅಂಜಿಕೆ ಕಾಲಿಡುವ ಮೊದಲೇ ತಡೆಯುತ್ತದೆ. ಬೇರೆಬೇರೆ ದಿಕ್ಕಿಗೆ ಎರಡು ತೆರವು ಇರಲಿ. ನಮ್ಮ ಉದಾಹರಣೆಯಲ್ಲಿ ಪೂರ್ವದ ಮುಂಭಾಗವೆಲ್ಲ ಬಯಲು, ಉತ್ತರಕ್ಕೆ 1 ಮೀಟರಿನ ಇನ್ನೊಂದು ತೆರವು. ದಕ್ಷಿಣಕ್ಕೂ ಪಶ್ಚಿಮಕ್ಕೂ ಗೋಡೆ.

ಗಾಲಿಕುರ್ಚಿ ಒಳಗೆ ತಿರುಗಲು 1.5 ಮೀಟರಿನ ವೃತ್ತ ಬೇಕು. 2 ಮೀಟರ್ ಅಗಲದಲ್ಲಿ ಕೂರುವ ಕಲ್ಲಿಗೆ 450 ಹೋದರೆ ಅಷ್ಟು ಉಳಿಯುತ್ತದೆ. ಕಲ್ಲಿನ ಪಕ್ಕದಲ್ಲೇ 900 ಮಿ.ಮೀ. ಅಗಲ ಖಾಲಿ ಬಿಟ್ಟರೆ ಕುರ್ಚಿಯಲ್ಲಿರುವವರು ಜೊತೆಯವರ ಭುಜಕ್ಕೆ ಭುಜ ಕೊಟ್ಟು ಕೂರಬಹುದು, ಎದುರಿಗೆ ನಿಂತು ಪ್ರದರ್ಶನವಾಗಬೇಕಿಲ್ಲ. ಬರುವ ದಾರಿ 1.2 ಮೀಟರಿಗಿಂತ ಕಿರಿದಾಗದಿರಲಿ, ಇಳಿಜಾರು 1:12ಕ್ಕಿಂತ ಕಡಿದಾಗದಿರಲಿ, ಹೊಸ್ತಿಲು ಬೇಡ.

ಎತ್ತರ ಹತ್ತುವ ಅವಕಾಶ ಕೊಡಬೇಡಿ. ನೊಂದವರು ಬರುವ ಜಾಗ ಇದು. ನ್ಯೂಯಾರ್ಕಿನಲ್ಲಿ 2019ರಲ್ಲಿ ತೆರೆದ ವೆಸೆಲ್ ಎಂಬ ಮೆಟ್ಟಿಲುಗಳ ಬೃಹತ್ ರಚನೆ ಆತ್ಮಹತ್ಯೆಗಳಿಂದಾಗಿ 2021ರಲ್ಲಿ ಮುಚ್ಚಿತು, ಉಕ್ಕಿನ ಬಲೆ ಕಟ್ಟಿದ ಮೇಲೆ 2024ರಲ್ಲಿ ಮತ್ತೆ ತೆರೆಯಿತು. ನಿಮ್ಮ ಶಿಲ್ಪದಲ್ಲಿ ಕಾಲೂರಿ ಹತ್ತುವಂಥ ಅಂಚು 600 ಮಿ.ಮೀ.ಗಿಂತ ಮೇಲೆ ಸಿಗದಂತೆ ನೋಡಿಕೊಳ್ಳಿ.

## ಹಂತ 5: ಬಿಸಿಲು, ಮಳೆ, ಸದ್ದು

ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ವಾರ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನೆತ್ತಿಯ ಮೇಲೆಯೇ. ಜೂನಿನಲ್ಲಿ ತುಸು ಉತ್ತರಕ್ಕೆ. ಅಂದರೆ ದಕ್ಷಿಣದ ಗೋಡೆ ಚಳಿಗಾಲಕ್ಕೆ ಕೆಲಸ ಮಾಡುತ್ತದೆ, ಬೇಸಿಗೆಗೆ ಕೆಲಸ ಮಾಡುವುದು ಸೂರು ಮಾತ್ರ. ಸೂರಿಲ್ಲದ ಶಿಲ್ಪ ನಮ್ಮ ನಾಡಿನಲ್ಲಿ ಮಾರ್ಚಿನಿಂದ ಮೇವರೆಗೆ ಖಾಲಿ ಬೀಳುತ್ತದೆ. ಅಮೆರಿಕದ ಯೂಟಾ ಮರುಭೂಮಿಯಲ್ಲಿ ಕಲಾವಿದೆ ನ್ಯಾನ್ಸಿ ಹೋಲ್ಟ್ 1976ರಲ್ಲಿ ಮುಗಿಸಿದ ನಾಲ್ಕು ದೊಡ್ಡ ಕಾಂಕ್ರೀಟ್ ಕೊಳವೆಗಳು ಒಳಗೆ ಹೋದವರಿಗೆ ನೆರಳನ್ನೂ ಕೊಡುತ್ತವೆ.

ಕರಾವಳಿ, ಮಲೆನಾಡಿನಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಎರಚುವುದೇ ಹೆಚ್ಚು. ಅಲ್ಲಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಯ ಮೇಲಿನ ತೆರವಿನಲ್ಲಿ ಇನ್ನೊಂದು ಹಲಗೆಗಲ್ಲು ಕೂಡಿಸಿ, ಕಣ್ಣೆತ್ತರದಲ್ಲಿ, ಅಂದರೆ 1350ರಿಂದ 1650ರವರೆಗೆ ಮಾತ್ರ ಸೀಳು ಬಿಡಿ. ಪಶ್ಚಿಮದಲ್ಲಿ ಸೂರು 600 ಮಿ.ಮೀ. ಹೊರಚಾಚಲಿ.

ಸೂರಿನ ಚಪ್ಪಡಿಯ ಅಂಚಿನಿಂದ 40 ಮಿ.ಮೀ. ಒಳಗೆ, ಅಡಿಭಾಗದಲ್ಲಿ, 10 ಮಿ.ಮೀ. ಅಗಲ ಮತ್ತು ಅಷ್ಟೇ ಆಳದ ಗೀರು ಸುತ್ತಲೂ ಹೊಡೆಸಿ. ಇದನ್ನು ಮರೆತ ಚಪ್ಪಡಿಯಲ್ಲಿ ಮಳೆನೀರು ಅಂಚು ದಾಟಿ ಅಡಿಮೈಗೆ ಅಂಟಿಕೊಂಡೇ ಒಳಗೆ ತೆವಳಿ ಬಂದು, ನೇರ ಕೂತವರ ಕತ್ತಿನ ಮೇಲೆ ತೊಟ್ಟಿಕ್ಕುತ್ತದೆ. ಗೀರು ಇದ್ದರೆ ಹನಿ ಅಲ್ಲಿಗೆ ಬಂದು, ತುಂಬಿಕೊಂಡು, ನೆಲಕ್ಕೆ ಬೀಳುತ್ತದೆ. ಅರ್ಧ ದಿನದ ಕೆಲಸ. ಚಪ್ಪಡಿ ಮೇಲೇರಿದ ಮೇಲೆ ಮಾಡುವುದು ಕಷ್ಟ.

ಸದ್ದಿನ ವಿಷಯದಲ್ಲಿ ಗೋಡೆ ದಪ್ಪ ಮಾಡಿ ಹಣ ಸುರಿಯಬೇಡಿ. ಸದ್ದಿನ ಮೂಲಕ್ಕೂ ಕಿವಿಗೂ ನಡುವಿನ ನೇರ ಗೆರೆ ಕಡಿದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಕೂತವರ ಕಿವಿ 1200 ಮಿ.ಮೀ. ಎತ್ತರದಲ್ಲಿರುವುದರಿಂದ 1350ರ ಗೋಡೆ ಆ ಗೆರೆ ಕಡಿಯುತ್ತದೆ. 100 ಮಿ.ಮೀ. ದಪ್ಪದ ಕಲ್ಲು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಭಾರ, 200 ಮಾಡಿದರೆ ಹೆಚ್ಚೇನೂ ಸಿಗದು. ಉಳಿದ ಗದ್ದಲವನ್ನು ಮರೆಸಲು ಹತ್ತಿರದಲ್ಲಿ ಸಣ್ಣಗೆ ಬೀಳುವ ನೀರಿದ್ದರೆ ಒಳ್ಳೆಯದು.

ಗುಮ್ಮಟ, ಬೋಗುಣಿಯಂಥ ಒಳಮೈ ಬಹಳ ಜನರಿಗೆ ಇಷ್ಟ. ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಬದಿಯ ಪಿಸುಮಾತು ಇನ್ನೊಂದು ಬದಿಗೆ ಕೇಳುವುದು ನೋಡುಗರಿಗೆ ಬೆರಗು. ದುಃಖ ಹೇಳಿಕೊಳ್ಳಲು ಬಂದವರಿಗೆ ಅದೇ ದ್ರೋಹ. ಬಾಗಿದ ಒಳಮೈ ಬೇಕೇ ಬೇಕಾದರೆ ಬಾಗಿನ ಕೇಂದ್ರ ಕೂತವರ ಕಿವಿಯ ಎತ್ತರಕ್ಕೆ ಬಾರದಂತೆ ನೋಡಿ, ಮೈಯನ್ನು ಒರಟಾಗಿ ಬಿಡಿ.

## ಹಂತ 6: ಕಲ್ಲೋ, ಉಕ್ಕೋ, ಬೇರೆಯೋ

ಬೂದುಬಣ್ಣದ ಗ್ರಾನೈಟ್, ಅಂದರೆ ನಮ್ಮ ಸಾದರಹಳ್ಳಿ ಕಲ್ಲಿನ ಜಾತಿ, ಈ ಕೆಲಸಕ್ಕೆ ಎಲ್ಲಕ್ಕಿಂತ ನಂಬಿಕಸ್ಥ. ಕರಿಕಲ್ಲು ಬಿಸಿಲಿಗೆ ಕಾದು ಸಂಜೆಯವರೆಗೂ ಸುಡುತ್ತದೆ. ಬಳಪದ ಕಲ್ಲು ಕೆತ್ತನೆಗೆ ಬೆಣ್ಣೆ, ಆದರೆ ಬೀಗದಕೈಯಲ್ಲಿ ಹೆಸರು ಗೀಚುವವರಿಗೂ ಬೆಣ್ಣೆಯೇ. ಕರಾವಳಿಯಲ್ಲಿ ಕೆಂಪುಕಲ್ಲು ಗೋಡೆಗೆ ಸರಿ, ಸೂರಿನ ಚಪ್ಪಡಿಗೆ ಆಗದು.

ತುಕ್ಕಿನ ಬಣ್ಣದ ಕಾರ್ಟೆನ್ ಉಕ್ಕು ಈಗ ಎಲ್ಲೆಡೆ ಕಾಣುತ್ತದೆ. ಉಪ್ಪುಗಾಳಿಯಲ್ಲಿ ಅದರ ತುಕ್ಕು ನಿಲ್ಲುವುದೇ ಇಲ್ಲ. ಒಳನಾಡಿನಲ್ಲೂ ಮೊದಲ ಮಳೆಗಾಲಗಳಲ್ಲಿ ಕೆಂಪು ನೀರು ಇಳಿದು ಕೆಳಗಿನ ಕಲ್ಲಿಗೂ ಕೂತವರ ಬಟ್ಟೆಗೂ ಕಲೆ ಹತ್ತುತ್ತದೆ. ಮೈ ತಾಗುವ ಕಡೆ ಲೋಹ ಬೇಡ. ಬೇರೆ ಕಡೆ ಕೊಳವೆ ಬಳಸಿದರೆ ತುದಿಗಳನ್ನು ಬೆಸುಗೆ ಹಾಕಿ ಮುಚ್ಚಿಸಿ, ತೆರೆದ ಕೊಳವೆ ಕಣಜದ ಗೂಡಾಗುತ್ತದೆ.

ಕಲ್ಲು ಆರಿಸುವಾಗ ಎರಡು ಪರೀಕ್ಷೆ ಬಿಡಬಾರದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ, ಒಳಬಿರುಕಿದ್ದರೆ ಡಬ್ಬ ಎನ್ನುತ್ತದೆ. ಆಮೇಲೆ ಚಪ್ಪಡಿಯ ಮೇಲೆ ಒಂದು ಕೊಡ ನೀರು ಸುರಿದು ಬಿಸಿಲಿಗೆ ಬಿಡಿ. ಮೈಯೆಲ್ಲ ಒಣಗಿ ಬಿಳಿಚಿಕೊಂಡ ಮೇಲೂ ಕೂದಲೆಳೆಯಂಥ ಕಪ್ಪು ಗೆರೆ ಉಳಿದರೆ ಅಲ್ಲಿ ಬಿರುಕಿದೆ, ನೀರು ಕುಡಿದಿದೆ. ಅದು ಸೂರಿಗೆ ಬೇಡ. ಕಾಲುಹಾದಿಗೆ ಹಾಕಿಸಿ.

ಹೊರಮೈಯಲ್ಲಿ ಉಳಿಯ ಗುರುತು, ಬೆಣೆ ಹೊಡೆದ ಸಾಲು ಹಾಗೇ ಇರಲಿ, ಚೆಂದ. ಬೆನ್ನು ತಾಗುವ ಮೈ ಮಾತ್ರ ಸೆರಗು, ದುಪಟ್ಟಾ ಸಿಕ್ಕಿಕೊಳ್ಳದಷ್ಟು ನಯ ಮಾಡಿಸಿ. ಅಂಚುಗಳನ್ನು 15 ಮಿ.ಮೀ. ದುಂಡಗೆ ಮಾಡಿಸಿ. ನೆಲಕ್ಕೆ ಪಾಲಿಶ್ ಕಲ್ಲು ಹಾಕಿದರೆ ಮೊದಲ ಮಳೆಯಲ್ಲೇ ಯಾರಾದರೂ ಜಾರಿ ಬೀಳುತ್ತಾರೆ.

## ಹಂತ 7: ಇದು ಬಸ್ ತಂಗುದಾಣವಲ್ಲ, ಶಿಲ್ಪ

ಇಲ್ಲಿಯವರೆಗೆ ಮಾಡಿದ್ದಷ್ಟೇ ಕಟ್ಟಿದರೆ ಒಳ್ಳೆಯ ತಂಗುದಾಣವಾದೀತು. ರೂಪದ ಕೆಲಸ ಈಗ ಶುರು, ಮೂರು ಕಡೆ ಮನಸ್ಸಿಡಿ.

ಒಂದು, ಆಕಾಶಕ್ಕೆ ಕಾಣುವ ಗೆರೆ. ಕಂಬಗಳು ಸಮದೂರದಲ್ಲಿರಲೇಬೇಕೆಂದಿಲ್ಲ. ಮುಂದಿನ ನಡುಗಂಬವನ್ನು ಕೂರುವ ಕಲ್ಲು ಮುಗಿಯುವ ಸಾಲಿಗೆ ಸರಿಸಿದರೆ ಯಾರ ಕಣ್ಣೆದುರೂ ನಿಲ್ಲುವುದಿಲ್ಲ, ಸಾಲಿಗೊಂದು ಲಯವೂ ಸಿಗುತ್ತದೆ.

ಎರಡು, ಕೈಗೆ ಸಿಗುವ ಮೈ. ಕೂತವರ ಕೈ ತಾನಾಗಿ ಹೋಗುವುದು 600ರಿಂದ 900 ಮಿ.ಮೀ. ಎತ್ತರಕ್ಕೆ. ಒಳ್ಳೆಯ ಕೆತ್ತನೆಯನ್ನೆಲ್ಲ ಅಲ್ಲಿಡಿ: ಬೆರಳು ಹರಿಯುವ ತೋಡು, ಹೊಟ್ಟೆ ಉಬ್ಬಿದ ಗುಂಡು, ತಣ್ಣಗಿನ ಕುಳಿ. ನೋಡುವ ಕೆತ್ತನೆಯಲ್ಲ, ಸವರುವ ಕೆತ್ತನೆ. ಕಣ್ಣು ಕಾಣದವರಿಗೆ ಇಡೀ ಶಿಲ್ಪ ಅಷ್ಟೇ.

ಮೂರು, ಬೆಳಕಿನ ಸೀಳು. ಸೂರಿನ ಚಪ್ಪಡಿಗಳು ಪೂರ್ವ–ಪಶ್ಚಿಮವಾಗಿ ಮಲಗುತ್ತವೆ. ಅಕ್ಕಪಕ್ಕದ ಎರಡರ ಅಂಚಿನಲ್ಲಿ ಮುಂಭಾಗದ 1.2 ಮೀಟರ್ ಉದ್ದಕ್ಕೆ ತಲಾ 20 ಮಿ.ಮೀ. ಕಚ್ಚು ತೆಗೆದರೆ 40 ಮಿ.ಮೀ. ಸೀಳಾಗುತ್ತದೆ. ಚಪ್ಪಡಿ 150 ಮಿ.ಮೀ. ದಪ್ಪವಿರುವುದರಿಂದ ನೆತ್ತಿಯಿಂದ 15 ಡಿಗ್ರಿಗಿಂತ ಹೆಚ್ಚು ವಾಲಿದ ಸೂರ್ಯ ಅದರಲ್ಲಿ ತೂರಲಾರ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ನಡುಹಗಲಿಗೆ ನೆಲದ ಮೇಲೆ ಬೆಳಕಿನ ಗೆರೆಯೊಂದು ಬಂದು, ಉಳಿದ ತಿಂಗಳು ಮಾಯವಾಗುತ್ತದೆ. ದಿನಾ ಬರುವವರು ಅದನ್ನು ಗುರುತಿಸುತ್ತಾರೆ. ಸೀಳು ಕೂರುವ ಕಲ್ಲಿನ ಮೇಲೆ ಬರದಿರಲಿ, ಮಳೆಯೂ ಅದರಲ್ಲೇ ಇಳಿಯುತ್ತದೆ.

ಗೂಡು, ಮಾಡ ಇಡಬೇಡಿ. ಎದೆಯೆತ್ತರದ ಗೂಡಿದ್ದರೆ ಯಾರೋ ಭಕ್ತಿಯಿಂದ ದೀಪ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ. ಪೂಜೆಯಾದ ಕಲ್ಲಿನ ಮುಂದೆ ಚಪ್ಪಲಿ ಹಾಕಿ ಕೂರಲು ಜನ ಹಿಂಜರಿಯುತ್ತಾರೆ, ಜಾಗದ ಸ್ವಭಾವವೇ ಬದಲಾಗುತ್ತದೆ. ಒಂಟಿಯಾಗಿ ಪೂರ್ವಕ್ಕೆ ಮುಖಮಾಡಿ ನಿಂತ ಕಲ್ಲಿಗೂ ಇದೇ ಮಾತು. ಒಳಗೆ ಕತ್ತಲ ಮೂಲೆಯೂ ಬೇಡ. ಮೂಲೆ ಕಂಡರೆ ಎಲೆಅಡಿಕೆ ಉಗಿಯುತ್ತಾರೆ, ದುಂಡಗಿದ್ದು ಬೆಳಕು ಬಿದ್ದರೆ ಅಷ್ಟಾಗಿ ಉಗಿಯುವುದಿಲ್ಲ.

## ಹಂತ 8: ಬಿದಿರು ಮತ್ತು ಫ್ಲೆಕ್ಸಿನಲ್ಲಿ ಪೂರ್ಣ ಅಳತೆಯ ಮಾದರಿ

ಎಲ್ಲರೂ ಬಿಡುವ ಹಂತ ಇದು. 1:10ರ ಮಣ್ಣಿನ ಮಾದರಿ ಮಾಡಿ, ಮೇಜಿನ ಮೇಲಿಟ್ಟು, ಮೇಲಿಂದ ನೋಡಿ ಒಪ್ಪಿಬಿಡುತ್ತಾರೆ. ಆ ಕೋನದಿಂದ ಹಕ್ಕಿಯ ಹೊರತು ಯಾರೂ ಅದನ್ನು ನೋಡುವುದಿಲ್ಲ.

ಅದೇ ಜಾಗದಲ್ಲಿ ಬಿದಿರು ನೆಟ್ಟು, ಗೋಡೆಯ ಅಳತೆಗೆ ಫ್ಲೆಕ್ಸ್ ಕಟ್ಟಿ (ಬಿಳಿ ಬೆನ್ನು ಹೊರಗೆ ಮಾಡಿ, ಇಲ್ಲದಿದ್ದರೆ ಯಾರದೋ ಹುಟ್ಟುಹಬ್ಬದ ಮುಖವನ್ನೇ ಜನ ನೋಡುತ್ತಾರೆ), ಕುರ್ಚಿಗಳನ್ನಿಟ್ಟು, ಏಳು ದಿನ ಬಿಡಿ. ನೆಲದಲ್ಲಿ ಸುಣ್ಣದಿಂದ 3, 6, 10 ಮೀಟರಿನ ಗೆರೆ ಎಳೆಯಿರಿ. ಒಬ್ಬರು ಒಳಗೆ ಕೂರಲಿ, ಇನ್ನೊಬ್ಬರು ಪ್ರತಿ ಗೆರೆಯ ಮೇಲೆ ಸುತ್ತಿ ಬರಲಿ. 10 ಮೀಟರಿನಿಂದ ಜನ ಇದ್ದಾರೆಂದು ತಿಳಿಯಬೇಕು, 6 ಮೀಟರಿನಿಂದಲೂ ಮುಖ ತಿಳಿಯಬಾರದು. ಮುಂದಿನ ಬಯಲಿನಿಂದ ಮುಖ ಕಂಡರೆ ಅಲ್ಲಿ 600 ಮಿ.ಮೀ. ಎತ್ತರದ ಪೊದೆಸಾಲು ನೆಟ್ಟು ಜನ ಹತ್ತಿರ ಬರದಂತೆ ಮಾಡಬಹುದು. ಆದರೆ ಅದಕ್ಕಿಂತ ಎತ್ತರದ ಪೊದೆ ಬೇಡ, ಅದರ ಹಿಂದೆ ಇನ್ನೊಬ್ಬರು ಅಡಗಬಹುದು.

ಏಳೂ ದಿನ ಗಮನಿಸಿ: ಒಬ್ಬರೇ ಬಂದ ಹೆಂಗಸರು ಕೂತರೇ? ಕೂತವರು ಕುರ್ಚಿಯನ್ನು ಯಾವ ಕಡೆಗೆ ತಿರುಗಿಸಿಕೊಂಡರು? ಕುರ್ಚಿ ತಿರುಗಿದ ದಿಕ್ಕೇ ಸರಿಯಾದ ದಿಕ್ಕು. ನಿಮ್ಮ ನಕ್ಷೆಯನ್ನು ಅದರ ಪ್ರಕಾರ ತಿದ್ದಿಕೊಳ್ಳಿ.

## ಹಂತ 9: ಭಾರದ ಲೆಕ್ಕ ಮತ್ತು ಬುನಾದಿ

ಗ್ರಾನೈಟ್ ಘನಮೀಟರಿಗೆ ಸುಮಾರು 2.7 ಟನ್. ಸೂರಿಗೆ 2.3 ಮೀಟರ್ × 600 ಮಿ.ಮೀ. × 150 ಮಿ.ಮೀ. ಅಳತೆಯ ಐದು ಚಪ್ಪಡಿ, ಒಂದೊಂದು 560 ಕೆ.ಜಿ. ಆರು ಕಂಬ, ನೆಲದ ಮೇಲೆ 2150 ಮಿ.ಮೀ., ನೆಲದೊಳಗೆ 600 ಮಿ.ಮೀ., ಒಂದೊಂದು 450 ಕೆ.ಜಿ. ಹತ್ತಿರ. ಎರಡು ಸಾಲು ತೊಲೆ, ಗೋಡೆ, ಕೂರುವ ಕಲ್ಲು ಸೇರಿ ಒಟ್ಟು 8 ಟನ್ನಿನ ಸುತ್ತಮುತ್ತ.

ಕಲ್ಲು ಒತ್ತಡಕ್ಕೆ ಗಟ್ಟಿ, ಬಾಗಿಗೆ ಹೆದರುಪುಕ್ಕಲು. ಕಂಬದಿಂದ ಕಂಬಕ್ಕೆ 2 ಮೀಟರ್ ಹಾಯುವ ಈ ಚಪ್ಪಡಿಯ ಅಡಿಮೈಯಲ್ಲಿ, ಮೇಲೆ ಚದರ ಮೀಟರಿಗೆ 400 ಕೆ.ಜಿ. ಜನ ಹತ್ತಿದರೂ, ಎಳೆತ ಸುಮಾರು 1.1 ಮೆಗಾಪ್ಯಾಸ್ಕಲ್. ಒಳ್ಳೆಯ ಗ್ರಾನೈಟಿಗೆ ಇದು ಹಗುರ. ಆದರೆ ಹಾಯ್ವು ಒಂದೂವರೆ ಪಟ್ಟಾಗಿ 3 ಮೀಟರಾದರೆ ಎಳೆತ ಎರಡೂಕಾಲು ಪಟ್ಟಾಗುತ್ತದೆ. ಕಲ್ಲು ಮುರಿಯುವ ಮೊದಲು ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಬೀಳುತ್ತದೆ. ಆದ್ದರಿಂದ 2 ಮೀಟರಿನ ಮೇಲೆ ಹೋಗುವುದಿದ್ದರೆ ಎಂಜಿನಿಯರ್ ಲೆಕ್ಕ ಕೊಡುವವರೆಗೆ ಕಲ್ಲಿಗೆ ಮುಂಗಡ ಕೊಡಬೇಡಿ. ಗಾಳಿಗೂ ಅವರು ಲೆಕ್ಕ ಹಾಕಬೇಕು. ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39.

3.6 × 2.6 ಮೀಟರಿನ ಕಾಂಕ್ರೀಟ್ ಹಾಸಿನ ಮೇಲೆ ಹರಡಿದರೆ, ಹಾಸಿನ ತೂಕ, ಜನ ಎಲ್ಲ ಸೇರಿ ಚದರ ಮೀಟರಿಗೆ 2 ಟನ್ನಿನೊಳಗೇ. ಗಟ್ಟಿ ಕೆಮ್ಮಣ್ಣು ಇದರ ಹಲವು ಪಟ್ಟು ಹೊರುತ್ತದೆ. ಕೆಡಿಸುವುದು ಭಾರವಲ್ಲ, ಏರುಪೇರಾಗಿ ಕೂರುವ ನೆಲ. 1.5 ಮೀಟರ್ ಗುಂಡಿ ತೋಡಿ ನೋಡಿ. ಅರ್ಧ ತುಂಬಿದ ಮಣ್ಣು, ಅರ್ಧ ಮೂಲ ಮಣ್ಣು ಸಿಕ್ಕರೆ ತುಂಬಿದ್ದನ್ನೆಲ್ಲ ತೆಗೆಸಿ. ಧಾರವಾಡ, ಗದಗ, ಕಲಬುರಗಿ ಕಡೆಯ ಎರೆಮಣ್ಣಾದರೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅಲ್ಲಿ ತೆಳು ಹಾಸು ಎರಡೇ ವರ್ಷಕ್ಕೆ ಸೀಳಬಹುದು. 3.5 ಮೀಟರಾದರೂ ಆಳಕ್ಕಿಳಿಯುವ, ತಳದಲ್ಲಿ ಅಗಲವಾಗುವ ಪೈಲ್, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬ ಬೇಕಾಗುತ್ತದೆ.

ಹಾಸು 200 ಮಿ.ಮೀ. ದಪ್ಪ, ಎಂ25 ದರ್ಜೆಯ ಕಾಂಕ್ರೀಟ್, ಒಳಗಿನ ಕಬ್ಬಿಣದ ಕಂಬಿಗೆ 50 ಮಿ.ಮೀ. ಕಾಂಕ್ರೀಟ್ ಹೊದಿಕೆ, ಕಂಬ ನಿಲ್ಲುವ ಕಡೆ 750 ಮಿ.ಮೀ. ಆಳದ ಗುಂಡಿ. ದೀಪದ ತಂತಿಗೆ ಕೊಳವೆ ಈಗಲೇ ಹುಗಿಯಿರಿ. ಹದಿನಾಲ್ಕು ದಿನ ನೀರುಣಿಸಿ. ನೆಲ 1:60 ಇಳಿಜಾರಾಗಿ ಹೊರಕ್ಕೆ ಹರಿಯಲಿ.

## ಹಂತ 10: ನಿಲ್ಲಿಸುವ ಕ್ರಮ

ಕೂರುವ ಕಲ್ಲು ಮೊದಲು ಒಳಗೆ ಬರಬೇಕು. ಗೋಡೆ ಎದ್ದ ಮೇಲೆ ಅದನ್ನು ತೂರಿಸಲು ಹೋಗಿ ಕಂಬದ ಮೂಲೆ ಒಡೆಯುವುದು ಪದೇಪದೇ ಆಗುವ ತಪ್ಪು. ಆಮೇಲೆ ಕಂಬ, ತೂಗುಗುಂಡು ಬಿಟ್ಟು ಎರಡು ಮುಖಕ್ಕೂ ನೋಡಿ, ಬೆಣೆ ಕೊಟ್ಟು, ಕುಗ್ಗದ ಗ್ರೌಟ್ (ಸಂದಿ ತುಂಬುವ ತೆಳು ಗಾರೆ) ತುಂಬಿ. ಏಳು ದಿನ ಬಿಟ್ಟು ಗೋಡೆಯ ಹಲಗೆ, ಅದಾದ ಮೇಲೆ ತೊಲೆ, ಕೊನೆಗೆ ಚಪ್ಪಡಿ. ಹೈಡ್ರಾ ಕ್ರೇನಿಗೆ ಬಟ್ಟೆಯ ಪಟ್ಟಿ ಕಟ್ಟಿಸಿ, ಸರಪಳಿ ಅಂಚು ತಿನ್ನುತ್ತದೆ. ಉದ್ಯಾನದ ಗೇಟಿನ ಅಗಲ, ದಾರಿಯಲ್ಲಿ ವಿದ್ಯುತ್ ತಂತಿ ಇದೆಯೇ ಎಂಬುದನ್ನು ಕ್ರೇನು ಬರುವ ಹಿಂದಿನ ದಿನವಲ್ಲ, ಒಂದು ತಿಂಗಳ ಮೊದಲು ನೋಡಿ.

ಕಲ್ಲಿಗೆ ಕಲ್ಲು ಜೋಡಿಸುವ ಗೂಟ 20 ಮಿ.ಮೀ. ಸ್ಟೇನ್‌ಲೆಸ್ ಉಕ್ಕಿನದೇ ಇರಲಿ, ಒಳನಾಡಿನಲ್ಲಿ 304 ದರ್ಜೆಯದು, ಕರಾವಳಿಯಲ್ಲಿ 316 ದರ್ಜೆಯದು. ಮೇಸ್ತ್ರಿ ಉಳಿದ ಕಂಬಿಯ ತುಂಡು ಹಾಕಿಬಿಡುತ್ತೇನೆಂದರೆ ಬಿಡಬೇಡಿ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಊದಿ ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ. ಚಪ್ಪಡಿಯ ತೂತು ಅಡಿಯಿಂದ 75 ಮಿ.ಮೀ. ಮಾತ್ರ, ಮೇಲ್ಮೈಗೆ ಹಾಯಬಾರದು. ಚಪ್ಪಡಿ ಕೂರುವಲ್ಲಿ 3 ಮಿ.ಮೀ. ನಿಯೋಪ್ರೀನ್ ರಬ್ಬರ್ ಪಟ್ಟಿ ಹಾಕಿದರೆ ಭಾರ ಒಂದೇ ಮೊನೆಯ ಮೇಲೆ ಕೂರುವುದಿಲ್ಲ.

## ಹಂತ 11: ದೀಪ, ಫಲಕ

ಒಳಗೆ ಬೆಳಗಿ ಹೊರಗೆ ಕತ್ತಲಿಟ್ಟರೆ ಕೂತವರು ಅಂಗಡಿಯ ಗಾಜಿನಲ್ಲಿಟ್ಟ ಬೊಂಬೆಯಾಗುತ್ತಾರೆ. ಅವರಿಗೆ ಹೊರಗೇನೂ ಕಾಣದು, ಎಲ್ಲರಿಗೂ ಅವರು ಕಾಣುತ್ತಾರೆ. ಬರುವ ದಾರಿಗೆ ಹೆಚ್ಚು ಬೆಳಕು, ಒಳಗೆ ಕೂರುವ ಕಲ್ಲಿನಡಿಯಿಂದ ನೆಲಕ್ಕೆ ಬೀಳುವ ಮಂದ ಬೆಳಕು, 2700–3000 ಕೆಲ್ವಿನ್ ಬಣ್ಣ, ಅಂದರೆ ತುಸು ಹಳದಿ ಬೆಳಕು.

ಉದ್ಘಾಟನಾ ಫಲಕ ಶಿಲ್ಪದ ಮೇಲೆ ಬೇಡ. 3 ಮೀಟರ್ ದೂರದಲ್ಲಿ ನೆಲಮಟ್ಟದ ಕಲ್ಲಿನಲ್ಲಿ ಹಾಕುತ್ತೇವೆಂದು ಮೊದಲೇ ಪತ್ರದಲ್ಲಿ ಬರೆಸಿಕೊಳ್ಳಿ.

## ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಮೊದಲ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೋಗಿ. ಕೆತ್ತಿದ ಕುಳಿಯಲ್ಲಿ ಒಂದು ವಾರ ನೀರು ನಿಂತರೆ ಡೆಂಗಿ ಸೊಳ್ಳೆ ಮರಿಯಾಗುತ್ತದೆ, ಅಲ್ಲಿಂದ ಹೊರಕ್ಕೆ ಬೆರಳಗಲದ ತೋಡು ಕೊರೆಸಿ. ಕಂಬದ ಬುಡದಲ್ಲಿ ಬಿಳಿ ಉಪ್ಪು ಕಂಡರೆ ನೀರು ಹರಿಯದೆ ನಿಲ್ಲುತ್ತಿದೆ. ಜೋಡಣೆಯ ಬಳಿ ಕೆಂಪು ಕಲೆ ಕಂಡರೆ ಯಾರೋ ಕಬ್ಬಿಣದ ಗೂಟ ಹಾಕಿದ್ದಾರೆ, ಕಾಯದೆ ಬಿಚ್ಚಿಸಿ.

ಒಳಗೆ ಕಾಗದ, ರಟ್ಟು ಹಾಸಿದ್ದು ಕಂಡರೆ ಚಿಂತೆಯಿಲ್ಲ, ಯಾರೋ ಕೂತಿದ್ದರು. ಬಾಟಲಿ, ಮೂತ್ರದ ವಾಸನೆ ಮೊದಲ ತಿಂಗಳಲ್ಲೇ ಬಂದರೆ ಸಾಮಾನ್ಯವಾಗಿ ಕಾರಣ ಕತ್ತಲು, ಇಲ್ಲವೇ ಹತ್ತಿರ ಶೌಚಾಲಯ ಇಲ್ಲದಿರುವುದು. ಗ್ರಿಲ್ಲು ಹಾಕುವ ಮೊದಲು ಬೆನ್ನಿನ ಕಡೆ ಬೆಳೆದ ಪೊದೆ ಕತ್ತರಿಸಿ, ದೀಪ ನೋಡಿ, ನಿತ್ಯ ಬೆಳಿಗ್ಗೆ ಒಂದು ಬಕೆಟ್ ನೀರು ಸುರಿಯುವಂತೆ ಏರ್ಪಾಡು ಮಾಡಿ. 10 ಮೀಟರಿನೊಳಗೆ ಒಂದು ನಲ್ಲಿ ಇದ್ದರೆ ಆ ಬಕೆಟ್ ನಿಜವಾಗಿಯೂ ಬರುತ್ತದೆ.

ಒಟ್ಟು ಹಣದ ಹತ್ತರಲ್ಲೊಂದು ಭಾಗ ಮೊದಲೇ ಎತ್ತಿಡಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಅದೇ ಕಲ್ಲುಕುಟಿಗರನ್ನು ಕರೆಸಿ ಐದೂ ಚಪ್ಪಡಿಗಳನ್ನು ಅಡಿಯಿಂದ ತಟ್ಟಿಸಿ. ಕಳೆದ ವರ್ಷ ನುಡಿದ ಕಲ್ಲು ಈ ವರ್ಷ ಡಬ್ಬ ಎಂದರೆ ಆ ದಿನವೇ ಹಗ್ಗ ಕಟ್ಟಿ ಜನರನ್ನು ತಡೆದು, ಚಪ್ಪಡಿ ಇಳಿಸಿ.